ವಾಸವಿದ್ದಾರೆ

ಸೂಟ್‌ಕೇಸಿನ ಮುಚ್ಚಳದ ಮೇಲಿಟ್ಟಿದ್ದ ಮೊಬೈಲು ಒಮ್ಮೆ ಗುರ್ ಎಂದು ನಡುಗಿ ಸುಮ್ಮನಾಯಿತು. ಹನ್ನೊಂದೂ ಮುಕ್ಕಾಲು. ಒಳಕೋಣೆಯಲ್ಲಿ ಮಲಗಿದ್ದ ಅಮ್ಮನಿಗೆ ಕೇಳಿಸಿರಲಾರದಷ್ಟು ಸಣ್ಣ ಸದ್ದು. ತೇಜಶ್ರೀಗೆ ಎಚ್ಚರವಿತ್ತು; ಆದರೂ ಕೂಡಲೇ ಕೈ ಚಾಚಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಸದ್ದನ್ನು ಒಂದೆರಡು ಕ್ಷಣ ಹಾಗೇ ಇರಲು ಬಿಡುವುದು ಐದು ವರ್ಷಗಳಿಂದ ಅವಳಿಗೆ ಅಭ್ಯಾಸವಾಗಿತ್ತು. ನೋಡುವವರೆಗೆ ಅದು ಶಶಿಕಿರಣನದಾಗಿರಬಹುದು. ನೋಡಿದ ಮೇಲೆ ರೀಚಾರ್ಜಿನದೋ, ಸೀರೆ ಅಂಗಡಿಯ ರಿಯಾಯಿತಿಯದೋ ಆಗಿರುತ್ತದೆ. ಇವತ್ತು ಬ್ಯಾಂಕಿನದು. ತಮ್ಮ ಕ್ರೆಡಿಟ್ ಕಾರ್ಡ್ ಅರ್ಜಿಯನ್ನು ಸದ್ಯಕ್ಕೆ ಪುರಸ್ಕರಿಸಲು ಸಾಧ್ಯವಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಮೇಲ್ಮನವಿಗೆ ಮೂವತ್ತು ದಿನಗಳ ಅವಕಾಶವಿದೆ. ಈ ವಾಕ್ಯ ಅವಳಿಗೆ ಹೊಸದಲ್ಲ. ನರ್ಸಿಂಗ್ ಕಾಲೇಜಿನ ಆಫೀಸಿನಲ್ಲಿ ಕೆಲಸ ಕೇಳಿ ಬಂದವರಿಗೆ, ಸೀಟು ಕೇಳಿ ಬಂದವರಿಗೆ ಇಂಥದೇ ವಾಕ್ಯವನ್ನು ಅವಳೇ ಟೈಪು ಮಾಡಿ ಕಳಿಸುತ್ತಾಳೆ. ಪ್ರಿನ್ಸಿಪಾಲರ ಕರಡಿನಲ್ಲಿ 'ಸದ್ಯಕ್ಕೆ' ಎಂಬ ಮಾತು ಇರಲಿಲ್ಲ. ಓದುವವರಿಗೆ ಉಸಿರಾಡಲು ಸ್ವಲ್ಪ ಜಾಗವಿರಲಿ ಎಂದು ಅವಳೇ ಸೇರಿಸಿದ್ದು. ಈಗ ತಾನೇ ಓದುವಾಗ ಆ ಜಾಗ ಎಲ್ಲಿದೆ ಎಂದು ಹುಡುಕಿ, ಸಿಗದೆ, ಮೊಬೈಲನ್ನು ಮಗುಚಿಟ್ಟು ಗೋಡೆಯ ಕಡೆ ತಿರುಗಿದಳು.

ಕಾರ್ಡು ಬೇಕೆನ್ನಿಸಿದ್ದೇ ಕಂತಿನಲ್ಲಿ ಕೊಳ್ಳಬೇಕೆಂದಿದ್ದ ಒಂದು ಬೀರುವಿನಿಂದ. ಅವಳ ಬಟ್ಟೆಗಳು ಐದು ವರ್ಷದಿಂದ ಸೂಟ್‌ಕೇಸಿನಲ್ಲೇ ಇದ್ದವು. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಹದಿನೈದು ದಿನದ ಮಟ್ಟಿಗೆ ಗಂಡನ ಊರು ಚಿಕ್ಕಸಿಂಗೇನಹಳ್ಳಿಯಿಂದ ಹಾಸನಕ್ಕೆ ಬಂದಾಗ ತಂದ ಸೂಟ್‌ಕೇಸು. ಹದಿನೈದು ನಲವತ್ತಾಯಿತು, ನಡುವೆ ಕಾಲೇಜಿನ ಕೆಲಸ ಸಿಕ್ಕಿತು. ಸೇರಿಕೊಳ್ಳಲಾ ಎಂದು ಫೋನಿನಲ್ಲಿ ಕೇಳಿದಾಗ ಗಂಡ ಶಶಿಕಿರಣ "ನಿನ್ನಿಷ್ಟ" ಅಂದ. ಆ ಮಾತನ್ನು ಅವಳು ಎಷ್ಟು ಸಲ ಮಗುಚಿ ನೋಡಿದ್ದಾಳೋ. ಬೇಡ ಅನ್ನಲಿಲ್ಲ, ಬಾ ಅನ್ನಲಿಲ್ಲ. ಜಗಳವಾಗಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಅದಕ್ಕೂ ಹಿಂದಿನ ಒಂದು ಸಂಜೆ, ಅವನು ಹಿತ್ತಲಲ್ಲಿ ಕೂತು ಡೈರಿಯ ಕ್ಯಾನುಗಳ ಮುಚ್ಚಳ ತೊಳೆಯುತ್ತಿದ್ದಾಗ, ನಾನಿಲ್ಲದಿದ್ರೂ ನಿಮಗೇನೂ ತೊಂದರೆ ಆಗಲ್ಲ ಅಲ್ವಾ ಎಂದು ಅವಳೇ ಕೇಳಿದ್ದಳು. ಅವನು ಮುಚ್ಚಳದ ಅಂಚನ್ನು ನಾರಿನಿಂದ ಉಜ್ಜುತ್ತಲೇ ಇದ್ದ. ಕೇಳಿಸಿತೋ ಇಲ್ಲವೋ. ಕೇಳಿಸದಿರಲಿ ಎಂದುಕೊಂಡೇ ಕೇಳಿದ್ದಳೇನೋ. ಹೋದ ವರ್ಷ ಒಂದು ಬೀರು ತರೋಣವೆಂದು ಹೇಳಿದಾಗ ಅಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, "ಬೀರು ಬಂದ್ರೆ ನೋಡ್ದೋರು ಏನಂತಾರೆ ತೇಜಾ, ಮಗಳು ಇಲ್ಲೇ ಝಾಂಡಾ ಊರಿದ್ಲು ಅನ್ನಲ್ವಾ" ಅಂದಿದ್ದಳು. ಬೀದಿಯವರ ಪಾಲಿಗೆ ತೇಜಶ್ರೀ ಆಗಾಗ ಬಂದು ಹೋಗುವ ಮಗಳು. ಬಂದದ್ದನ್ನು ಎಲ್ಲರೂ ನೋಡಿದ್ದಾರೆ. ಹೋದದ್ದನ್ನು ಮಾತ್ರ ಅಮ್ಮನ ಬಾಯಿಂದ ಕೇಳಿದ್ದಾರೆ.

ಬೆಳಿಗ್ಗೆ ಆಫೀಸಿನಲ್ಲಿ ಪಕ್ಕದ ಮೇಜಿನ ಮಾನ್ಯ ತನ್ನ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ ತೋರಿಸಿದಳು. ಹೋದ ವಾರ ಬ್ಯಾಂಕಿನವರು ಕಾರಿಡಾರಿನಲ್ಲಿ ಮೇಜು ಹಾಕಿಕೊಂಡು ಕೂತಾಗ ಎಲ್ಲರೂ ಒಟ್ಟಿಗೇ ಅರ್ಜಿ ಕೊಟ್ಟಿದ್ದರು. "ನಾಲ್ಕೇ ದಿನ ಮೇಡಂ! ನಿಮ್ದೂ ಬಂತಾ?" ಟೈಪು ಮಾಡುತ್ತಿದ್ದ ಕಾಗದದಿಂದ ಕಣ್ಣೆತ್ತದೆ ತೇಜಶ್ರೀ, "ಇನ್ನೂ ನೋಡ್ತಿದ್ದಾರಂತೆ" ಅಂದಳು. ಸುಳ್ಳಲ್ಲ, ನಿಜವೂ ಅಲ್ಲ. ಅಟೆಂಡರ್ ಕೀರ್ತಿರಾಜ್ ಟೀ ಲೋಟ ಇಡುತ್ತಾ, "ನಂಗೂ ಕೊಟ್ಬುಟ್ಟವ್ರೆ ಮೇಡಂ, ಅದೇನ್ ನಂಬಿ ಕೊಟ್ರೋ. ನಮ್ಮನೆಯೋಳು ಕಿತ್ಕಂಡು ಅರಿಶಿನದ ಡಬ್ಬೀಲಿ ಮಡಗವ್ಳೆ. ಕೇಳುದ್ರೆ, ಸತ್ರೂ ಕೊಡಲ್ಲ ಓಗು ಅಂತಾಳೆ" ಎಂದು ನಕ್ಕ. ಮಾನ್ಯ ನಕ್ಕಳು. ತಾನೂ ನಕ್ಕದ್ದು ಸ್ವಲ್ಪ ಹೆಚ್ಚಾಯಿತೆಂದು ತೇಜಶ್ರೀಗೆ ಅನ್ನಿಸಿತು. ಕೀರ್ತಿರಾಜನಿಗೆ ಒಂದು ಮನೆ, ಆ ಮನೆಯಲ್ಲಿ ಒಂದು ಅರಿಶಿನದ ಡಬ್ಬಿ, ಕಿತ್ತುಕೊಳ್ಳಲು ಒಬ್ಬಳು. ಬ್ಯಾಂಕು ಸರಿಯಾಗಿಯೇ ನಂಬಿದೆ.

ಊಟದ ಹೊತ್ತಿನಲ್ಲಿ ಮೇಲ್ಮನವಿ ಬರೆಯಲು ಕೂತಳು. ವಿಷಯ, ಉಲ್ಲೇಖ, ಮಾನ್ಯರೇ. ಕೈ ತಾನಾಗಿ ಓಡಿತು. ನಾನು ಮೇಲ್ಕಂಡ ವಿಳಾಸದಲ್ಲಿ ಕಳೆದ ಐದು ವರ್ಷಗಳಿಂದ ವಾಸವಾಗಿದ್ದು, ಎಂದು ಬರೆದವಳು ಪೆನ್ನು ಎತ್ತಿದಳು. ಈ ಮಾತನ್ನು ಇದುವರೆಗೆ ಎಲ್ಲೂ ಬರೆದಿರಲಿಲ್ಲ. ಆಧಾರಿನಲ್ಲಿ ಇನ್ನೂ ಚಿಕ್ಕಸಿಂಗೇನಹಳ್ಳಿ. ಬದಲಾಯಿಸಲು ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ಹಾಗೆ ಹೋದ ದಿನ ಮೊಬೈಲಿಗೆ ಬರುವ ಸಂದೇಶದಲ್ಲಿ 'ನಿಮ್ಮ ವಿಳಾಸ ಬದಲಾಗಿದೆ' ಎಂದಿರುತ್ತದಲ್ಲ, ಅದನ್ನು ಓದುವುದು ಬೇಡವಾಗಿತ್ತು. ಊಟ ಮಾಡಿದ್ದೇನೆ, ಮಲಗಿದ್ದೇನೆ, ಕಾಯಿಲೆ ಬಿದ್ದು ಎದ್ದಿದ್ದೇನೆ. ಹಾಗೆಂದ ಮಾತ್ರಕ್ಕೆ ವಾಸವಾಗಿದ್ದೇನೆಯೇ? ಆ ಸಾಲನ್ನು ಹೊಡೆದುಹಾಕಿ, ಅರ್ಧ ದಿನ ರಜೆ ಬರೆದುಕೊಟ್ಟು ಬ್ಯಾಂಕಿಗೇ ಹೋದಳು.

ಬ್ಯಾಂಕಿನ ಹೆಂಗಸು ದಯೆಯುಳ್ಳವಳು. ಕೂತ್ಕೊಳ್ಳಿ ಅಂದು, ಪರದೆಯ ಮೇಲೆ ಬೆರಳಾಡಿಸಿ, "ಸಂಬಳ ಸರಿಯಿದೆ, ಬೇರೆ ಯಾವ ಬಾಕೀನೂ ಇಲ್ಲ. ತೊಂದರೆ ಇರೋದು ವಿಳಾಸದ್ದು" ಎಂದಳು. ನಮ್ಮ ಕಡೆಯವರು ಮನೆಗೆ ಹೋಗಿ ವಿಚಾರಿಸಿ ಬರ್ತಾರಲ್ಲ, ಅವರ ವರದಿ, ಎಂದು ಪರದೆಯನ್ನು ಸ್ವಲ್ಪ ಈಚೆ ತಿರುಗಿಸಿದಳು. ಹಾಲಿ ವಿಳಾಸ, ಸಾಲಗಾಮೆ ರಸ್ತೆ, ಹಾಸನ: ಅರ್ಜಿದಾರರು ವಾಸವಿಲ್ಲ. ಖಾಯಂ ವಿಳಾಸ, ಚಿಕ್ಕಸಿಂಗೇನಹಳ್ಳಿ, ಕಟ್ಟಾಯ ಹೋಬಳಿ: ವಾಸವಿದ್ದಾರೆ.

"ಇದು ಅದಲುಬದಲಾಗಿರಬೇಕು" ಎಂದಳು ತೇಜಶ್ರೀ. ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

"ನಾವೂ ಹಾಗೇ ಅಂದ್ಕೊಂಡು ಕೇಳಿದ್ವಿ. ಇಲ್ಲ, ಸರಿಯಾಗೇ ಬರೆದಿದೀನಿ ಅಂದ್ರು. ಒಂದು ಕಡೆ ಇಲ್ಲ, ಇನ್ನೊಂದು ಕಡೆ ಇದ್ದಾರೆ ಅಂದ್ರೆ ಕಂಪ್ಯೂಟರ್ ಒಪ್ಪಲ್ಲ ನೋಡಿ. ಮೇಲ್ಮನವಿ ಕೊಟ್ರೆ ಇನ್ನೊಂದು ಸಲ ಬರ್ತಾರೆ. ಎರಡರಲ್ಲಿ ಒಂದೇ ವಿಳಾಸ ಬರೀರಿ. ಆ ದಿನ ಆ ಮನೇಲಿ ನೀವಿರಬೇಕು, ಮನೆಯವರೊಬ್ರು ಸಹಿ ಹಾಕ್ಬೇಕು. ಅಷ್ಟೇ." ಆಮೇಲೆ ಇವಳ ಮುಖ ನೋಡಿ, "ಪಾಲಾಕ್ಷ ಅಂತ. ಕೆಳಗೆ ಟೀ ಕುಡೀತಿರ್ತಾರೆ, ಬೇಕಾದ್ರೆ ಮಾತಾಡಿ" ಅಂದಳು.

ಪಾಲಾಕ್ಷನಿಗೆ ಐವತ್ತೈದರ ಮೇಲಾಗಿತ್ತು. ಮೊಪೆಡ್ಡಿನ ಸೀಟಿನ ಮೇಲೆ ಫೈಲು ಇಟ್ಟುಕೊಂಡು ಅದರ ಮೇಲೆ ಟೀ ಲೋಟ ಇಟ್ಟಿದ್ದ. ಹೆಸರು ಕೇಳಿದೊಡನೆ, "ಓ, ಎರಡು ಮನೆ ಮೇಡಮ್ಮು" ಎಂದವನು ನಾಲಗೆ ಕಚ್ಚಿಕೊಂಡ. "ತಪ್ಪು ತಿಳ್ಕಬ್ಯಾಡಿ. ನಮಗೆ ಹೆಸ್ರು ಮರ್ತೋಯ್ತದೆ, ಮನೆ ಮರೆಯಲ್ಲ. ಇಲ್ಲಿ ಸಾಲಗಾಮೆ ರಸ್ತೆಗೆ ಓದ್ನಾ, ಒಬ್ರು ವಯಸ್ಸಾದೋರು ಬಾಗ್ಲಿಗ್ ಬಂದ್ರು. ತೇಜಶ್ರೀ ಅನ್ನೋರು ಇಲ್ಲಿ ವಾಸ ಅವ್ರಾ ತಾಯಿ ಅಂದೆ. ಇಲ್ಲ ಕಣಪ್ಪ, ಅವಳಿರೋದು ಗಂಡನ ಮನೇಲಿ, ಸುಮ್ನೆ ಬಂದು ಓಯ್ತಾಳೆ ಅಂದ್ರು. ಇನ್ನೊಂದ್ಸಲ ಕೇಳ್ದೆ. ಎದುರುಗಡೆ ಮನೆ ಕಡೆ ನೋಡ್ಕಂಡು ಇನ್ನೂ ಗಟ್ಟಿಯಾಗ್ ಅಂದ್ರು. ನಾನೇನ್ ಮಾಡ್ಲಿ? ಯೋಳಿದ್ದು ಬರ್ದೆ."

"ಅಲ್ಲಿ... ಆ ಊರಲ್ಲಿ?"

"ಅಲ್ಲಿ ಯಜಮಾನ್ರೇ ಇದ್ರಲ್ಲ. ಡೈರಿ ಸೆಕ್ರೆಟ್ರಿ ಅಲ್ವಾ? ಕೈಯೆಲ್ಲಾ ಒದ್ದೆ ಮಾಡ್ಕಂಡು ಬಂದ್ರು. ವಾಸ ಅವ್ರಾ ಸಾ ಅಂದೆ. ಇಲ್ಲೇ ಇರೋದು, ಡ್ಯೂಟಿಗೆ ಹೋಗಿದಾಳೆ ಅಂದ್ರು. ಎಷ್ಟೊತ್ತಿಗೆ ಬತ್ತಾರೆ ಸಾ ಅಂದೆ." ಪಾಲಾಕ್ಷ ಟೀ ಲೋಟ ಎತ್ತಿ ತಳದಲ್ಲಿ ಉಳಿದದ್ದನ್ನು ಕುಡಿದ. "ಒದ್ದೆ ಕೈನ ಅಂಗೀಗ್ ಒರೆಸ್ಕಂಡ್ರು. ಆಮೇಲೆ, ಬರ್ತಾಳೆ, ಅಂದ್ರು. ಟೈಮ್ ಯೋಳ್ಳಿಲ್ಲ. ಆ ಕಾಲಂ ಖಾಲಿ ಬಿಟ್ಟಿದೀನಿ ನೋಡಿ ಬೇಕಾದ್ರೆ."

ಆ ಖಾಲಿ ಕಾಲಮ್ಮನ್ನು ಅವಳು ನೋಡಿದಳು. ಇಷ್ಟು ಸಣ್ಣ ಚೌಕ, ಮೂರು ಅಕ್ಷರ ಹಿಡಿಯಬಹುದು. ಬಸ್ಸಿಗೆ ಕಾಯದೆ ನಡೆದೇ ಮನೆಯ ದಾರಿ ಹಿಡಿದಳು. ಬರ್ತಾಳೆ. ಅವನ ಬಾಯಲ್ಲಿ ಅದು ಹೇಗೆ ಬಂದಿರಬಹುದೆಂದು ಒಂದೊಂದು ರೀತಿಯಲ್ಲಿ ಅಂದುಕೊಂಡು ನೋಡಿದಳು. ಹೊರಗಿನವನನ್ನು ಬೇಗ ಸಾಗಹಾಕಲು ಅಂದಂತೆ, ಬೇಸರದಲ್ಲಿ ಅಂದಂತೆ, ಅಂದ ಮೇಲೆ ಬಾಗಿಲು ಹಾಕಿಕೊಂಡು ಒಳಗೆ ಒಂದು ಗಳಿಗೆ ನಿಂತವನಂತೆ. ಮೂರನೆಯದನ್ನೇ ಮತ್ತೆ ಮತ್ತೆ ಅಂದುಕೊಳ್ಳುತ್ತಿರುವುದು ತಿಳಿದು, ಎದುರು ಬಂದ ಆಟೋಗೆ ದಾರಿ ಬಿಡುವ ನೆಪದಲ್ಲಿ ಚರಂಡಿಯ ಪಕ್ಕ ನಿಂತುಬಿಟ್ಟಳು. ನಲವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಬ್ಯಾಂಕು ಕೊಟ್ಟ ಮೇಲ್ಮನವಿಯ ನಮೂನೆ, ಮುಖದಲ್ಲಿ ಏನಿದೆಯೋ. ಯಾರಾದರೂ ನೋಡಿದರೆ ಎಂದು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ಅಮ್ಮ ಬಸವಲಿಂಗಮ್ಮ ಬಾಗಿಲ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಇಬ್ಬರೂ ಒಳಗೆ ಬಂದ ಮೇಲೆ ತೇಜಶ್ರೀ ನಿಧಾನವಾಗಿ ಕೇಳಿದಳು: "ಯಾರೋ ನನ್ನ ಕೇಳ್ಕೊಂಡು ಬಂದಿದ್ರಂತೆ?"

"ಬಂದಿದ್ದ ಒಬ್ಬ, ಮೊಪೆಡ್ಡಲ್ಲಿ. ಸಾಲ ಗೀಲ ಮಾಡಿದೀಯೇನೇ?"

"ಸಾಲ ಅಲ್ಲಮ್ಮ. ನಾನು ಇಲ್ಲಿರಲ್ಲ ಅಂದ್ಯಂತೆ."

ಬಸವಲಿಂಗಮ್ಮ ಸೊಪ್ಪಿನ ಮೊರವನ್ನು ಮಡಿಲಿಗೆ ಎಳೆದುಕೊಂಡಳು. "ಇನ್ನೇನನ್ಲಿ? ಎದುರು ಮನೆಯೋಳು ಕಾಂಪೌಂಡ್ ಹಿಡ್ಕೊಂಡು ನಿಂತಿದ್ಲು, ಕಿವಿ ಇಷ್ಟುದ್ದ ಮಾಡ್ಕೊಂಡು. ಅವಳ ಮುಂದೆ, ಹೂಂ ಕಣಪ್ಪ ಐದು ವರ್ಷದಿಂದ ನನ್ನ ಮಗಳು ಇಲ್ಲೇ ಬಿದ್ದವಳೆ ಅನ್ಲಾ?"

"ಇನ್ನೊಂದು ಸಲ ಬರ್ತಾರೆ. ಇಲ್ಲೇ ಇರ್ತಾಳೆ ಅಂತ ಒಂದು ಸಹಿ ಹಾಕಿದ್ರೆ ಸಾಕು."

"ಬರವಣಿಗೇಲಾ?" ಅಮ್ಮನ ಕೈ ನಿಂತಿತು. ಆಪರೇಷನ್ ಆದ ಕಣ್ಣು ಇನ್ನೊಂದಕ್ಕಿಂತ ಹೊಳೆಯುತ್ತಿತ್ತು. "ಬಾಯಲ್ಲಿ ಏನಾದ್ರೂ ಅನ್ಬೋದು ತೇಜಾ, ನಾಳೆ ಇಲ್ಲ ಅನ್ಬೋದು. ಬರೆದುಕೊಟ್ಟ ಮೇಲೆ ನೀನು ಹೋಗೋದು ಹೆಂಗೆ? ನಾನು ಬರೆದುಕೊಡಲ್ಲ ಕಣಮ್ಮ. ಬೈದ್ರೆ ಬೈಕೊ."

ತೇಜಶ್ರೀ ಮೊರದಿಂದ ಒಂದು ಹಿಡಿ ಸೊಪ್ಪು ಎತ್ತಿಕೊಂಡು ತಾನೂ ಬಿಡಿಸತೊಡಗಿದಳು. ಅಮ್ಮ ಬೀದಿಗೆ ಹೆದರುತ್ತಾಳೆಂದೇ ಇಷ್ಟು ದಿನ ಅಂದುಕೊಂಡಿದ್ದಳು. ಮಗಳು ಇಲ್ಲಿಲ್ಲ ಅನ್ನುವ ಈ ಮುದುಕಿ ದಿನವೂ ಸಂಜೆ ಆರಕ್ಕೆ ಆ ಮಗಳಿಗಾಗಿ ಅಕ್ಕಿ ತೊಳೆದಿಡುತ್ತಾಳೆ. ಎರಡನ್ನೂ ಒಂದೇ ಕೈಯಲ್ಲಿ ಮಾಡುತ್ತಾಳೆ. ಮಾರನೆಯ ದಿನ ಬ್ಯಾಂಕಿನ ಹೆಂಗಸು ಕೊಟ್ಟ ನಮೂನೆಯಲ್ಲಿ ವಿಳಾಸದ ಜಾಗಕ್ಕೆ ಬಂದಾಗ, ಬೇರೆ ದಾರಿಯಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ, ಆ ಮಾತು ಪೂರ್ತಿ ನಿಜವಲ್ಲವೆಂದು ಗೊತ್ತಿದ್ದೇ, ಚಿಕ್ಕಸಿಂಗೇನಹಳ್ಳಿ ಎಂದು ಬರೆದಳು. ಶನಿವಾರ ಹನ್ನೊಂದಕ್ಕೆ ಎಂದು ಪಾಲಾಕ್ಷ ಫೋನು ಮಾಡಿದ. "ನೀವೇನ್ ತಲೆ ಕೆಡಿಸ್ಕಬ್ಯಾಡಿ, ಯಜಮಾನ್ರಿಗೆ ನಾನೇ ಫೋನ್ ಮಾಡಿ ಯೋಳಿದೀನಿ, ಮೇಡಂ ಮನೇಲೇ ಇರ್ಬೇಕು ಅಂತ." ಏನಂದ್ರು ಎಂದು ಕೇಳಬೇಕೆನ್ನುವಷ್ಟರಲ್ಲಿ ಅವನು ಇಟ್ಟಾಗಿತ್ತು.

ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದೆಯೆಂದು ಅಮ್ಮನಿಗೆ ಹೇಳಿ ಬಸ್ಸು ಹತ್ತಿದಳು. ಯಾವ ಸೀರೆ ಉಡಬೇಕೆಂಬುದಕ್ಕೇ ಮುಕ್ಕಾಲು ಗಂಟೆ ಹೋಗಿತ್ತು. ಹೊಸದಾದರೆ ನೆಂಟರ ಮನೆಗೆ ಬಂದವಳಂತೆ ಕಾಣುತ್ತೇನೆ, ಹಳೆಯದಾದರೆ ಸೋತವಳಂತೆ. ಕೊನೆಗೆ ಕಾಲೇಜಿಗೆ ಉಡುವ ಬೂದು ಬಣ್ಣದ್ದನ್ನೇ ಉಟ್ಟಳು, ಡ್ಯೂಟಿಗೆ ಹೋಗಿದಾಳೆ ಅಂದಿದ್ದಾನಲ್ಲ, ಡ್ಯೂಟಿಯಿಂದ ಬಂದ ಹಾಗಿರಲಿ. ಕಟ್ಟಾಯ ದಾಟಿ ಬಸ್ಸು ಒಳದಾರಿಗೆ ತಿರುಗಿದಾಗ ಜೋಳದ ಹೊಲಗಳ ಹಸಿ ವಾಸನೆ ಕಿಟಕಿಯಿಂದ ಬಂತು, ಅದರ ಹಿಂದೆಯೇ ಎಂದೋ ಒಂದು ದಿನ ಅವನ ಸ್ಕೂಟರಿನ ಹಿಂದೆ ಕೂತು ಇದೇ ದಾರಿಯಲ್ಲಿ ಬರುವಾಗ ಅವನು ತಿರುಗದೆಯೇ ಏನೋ ಅಂದದ್ದು, ಗಾಳಿಯಲ್ಲಿ ಕೇಳಿಸದೆ ಇವಳು ಹೂಂ ಅಂದದ್ದು. ಏನಂದಿದ್ದ? ಆಮೇಲೆ ಕೇಳಬಹುದಿತ್ತು. ಊಟಕ್ಕೆ ಏನು ಎಂದಿರಬೇಕು. ಬೇರೆ ಏನಾದರೂ ಆಗಿದ್ದರೆ ಆ ಹೂಂ ಎಲ್ಲಿಗೆ ಹೋಯಿತು?

ಹತ್ತೂ ಐವತ್ತಕ್ಕೆ ಅವಳು ಗೇಟಿನ ಮುಂದಿದ್ದಳು. ಗೇಟಿಗೆ ಹಸಿರು ಬಣ್ಣ ಬಳಿದಿತ್ತು, ಮೊದಲು ನೀಲಿಯಿತ್ತು. ಅಗುಳಿ ಎಡಕ್ಕೆ ಎಳೆಯಬೇಕೋ ಬಲಕ್ಕೋ ಎಂದು ಅವಳ ತಲೆ ಯೋಚಿಸುತ್ತಿರುವಾಗಲೇ ಕೈ ತೆಗೆದಿತ್ತು. ಶಶಿಕಿರಣ ಬಾಗಿಲಲ್ಲಿ ನಿಂತಿದ್ದ. ಕಿವಿಯ ಮೇಲಿನ ಕೂದಲು ಪೂರಾ ಬೆಳ್ಳಗಾಗಿತ್ತು. ಇಸ್ತ್ರಿ ಮಾಡಿದ ಅಂಗಿ. ತನಗಾಗಿಯೋ ಬ್ಯಾಂಕಿನವನಿಗಾಗಿಯೋ.

"ಬಂದ್ಯಾ."

"ಹನ್ನೊಂದಕ್ಕೆ ಅಂದಿದ್ರು."

"ಹೂಂ, ಫೋನ್ ಮಾಡಿದ್ರು."

ಚಪ್ಪಲಿ ಎಲ್ಲಿ ಬಿಡುವುದು? ಬಂದವರು ಮೆಟ್ಟಿಲ ಹತ್ತಿರ ಬಿಡುತ್ತಾರೆ. ಮನೆಯವರದು ಒಳಗೆ, ಬಾಗಿಲ ಹಿಂದಿನ ಮೂಲೆಯಲ್ಲಿ. ಮೆಟ್ಟಿಲಲ್ಲಿ ಬಿಟ್ಟು ಒಳಗೆ ಕಾಲಿಟ್ಟವಳು, ಪಾಲಾಕ್ಷ ನೋಡಿದರೆ ಎಂಬ ನೆಪ ಹೊಳೆದು, ಹಿಂದೆ ಹೋಗಿ ಎತ್ತಿಕೊಂಡು ಬಂದು ಮೂಲೆಯಲ್ಲಿಟ್ಟಳು. ಅವನು ನೋಡುತ್ತಿದ್ದ. ಅತ್ತೆ ಈಗ ಅರಕಲಗೂಡಿನ ಮಗಳ ಮನೆಯಲ್ಲೇ ಇರುತ್ತಾರೆಂದು ಹೇಳಿದ. ಮನೆಯಲ್ಲಿ ಅವನೊಬ್ಬನೇ. ನೀರು ಬೇಕಾ ಅಂದ; ಬಂದವರನ್ನು ಕೇಳುವ ಮಾತು. ಬೇಡ ಅಂದಳು, ಬಂದವರು ಅನ್ನುವ ಮಾತು. ಕಾಫಿಗೆ ಅವನೇ ಅಡುಗೆಮನೆಗೆ ಹೋದಾಗ ಅವಳು ಎದ್ದು ಬಾಗಿಲವರೆಗೆ ಹೋಗಿ ಹೊಸಲಿನ ಈಚೆಗೇ ನಿಂತಳು. ಪುಡಿಯ ಡಬ್ಬಿ ಅದೇ ಜಾಗದಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಅವನು ಎರಡು ಚಮಚ ಸಕ್ಕರೆ ಹಾಕಿ ತಂದುಕೊಟ್ಟ. ಅವಳು ಯಾವತ್ತೂ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ, ಅದು ಅವನಿಗೆ ಮರೆತುಹೋಗಿತ್ತು. ಪಾಕದಂತಿದ್ದ ಕಾಫಿಯನ್ನು ಒಂದು ಹನಿ ಬಿಡದೆ ಕುಡಿದಳು.

"ಅವತ್ತು ಅವರು ಬಂದಾಗ..." ಎಂದು ಶುರುಮಾಡಿದಳು.

"ಹೊರಗಿನೋನು. ಇಲ್ಲ ಅನ್ನಕ್ಕಾಗುತ್ತಾ?" ಎಂದ ಅವನು, ಅವಳು ಕೇಳಿ ಮುಗಿಸುವ ಮೊದಲೇ, ಕಿಟಕಿಯ ಕಡೆ ನೋಡುತ್ತಾ. ಅಷ್ಟೇ ಇರಬಹುದು. ಅಷ್ಟೇ ಇರಬಹುದೆಂದು ಅವಳಿಗೂ ಬಸ್ಸಿನಲ್ಲಿ ಬರುವಾಗಲೇ ಅನ್ನಿಸಿತ್ತು. ಆದರೂ ಲೋಟ ಇಡುವಾಗ ಕೆಳಗಿನ ತಟ್ಟೆ ಟಿಣ್ ಅಂದಿತು.

ಮೊಪೆಡ್ಡಿನ ಸದ್ದಿನೊಂದಿಗೇ ಪಾಲಾಕ್ಷನ ದನಿ ಒಳಗೆ ಬಂತು. "ನಮಸ್ಕಾರ ಸಾ, ನಮಸ್ಕಾರ ತಾಯಿ. ಇಬ್ರೂ ಒಟ್ಟಿಗೆ ಸಿಕ್ಕಿದ್ರಲ್ಲ, ನನ್ ಪುಣ್ಯ. ನಿಮ್ಮೂರ ನಾಯಿಗಳು ನನ್ ಪ್ಯಾಂಟಿಗೆ ಒಂದು ಗತಿ ಕಾಣಿಸ್ತಿದ್ವು." ಜಗಲಿಯ ಮೇಲೆ ಕೂತು ಫಾರಂ ಬಿಚ್ಚಿದ. "ಮನೇಲಿ ಎಷ್ಟ್ ಜನ ಸಾ?"

"ಇಬ್ರು" ಅಂದ ಶಶಿಕಿರಣ.

"ಮೇಡಂ ಇಲ್ಲಿ ಎಷ್ಟ್ ವರ್ಷದಿಂದ ವಾಸ?"

ಅವಳು ನೆಲ ನೋಡಿದಳು. ಅವನು ಲೆಕ್ಕ ಹಾಕುವವನಂತೆ ಸ್ವಲ್ಪ ತಡೆದು, "ಮದುವೆ ಆದಾಗಿಂದ. ಹನ್ನೊಂದು ವರ್ಷ" ಎಂದ. ಪಾಲಾಕ್ಷ ಪೆನ್ನು ಹಿಡಿದವನು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. "ನಂದೊಂದ್ ನೇಮ ತಾಯಿ. ಮನೆಯೋರು ಯೋಳಿದ್ದು ಬರೀತೀನಿ, ಕಣ್ಣಿಗ್ ಕಂಡಿದ್ದು ಬರೀತೀನಿ. ಅದರ ಮ್ಯಾಲೆ ನನ್ ತಲೆ ಉಪಯೋಗ್ಸಕಿಲ್ಲ. ಇವತ್ತು ಬಾಗ್ಲಲ್ಲಿ ಇಬ್ರೂ ಅವ್ರೆ, ಮುಗೀತು." ಸಹಿಯ ಜಾಗ ತೋರಿಸಿದ. ಸಂಬಂಧ ಎಂಬ ಕಾಲಮ್ಮಿನಲ್ಲಿ ಶಶಿಕಿರಣ 'ಪತಿ' ಎಂದು ಬರೆದ. ಎರಡೇ ಅಕ್ಷರಕ್ಕೆ ಅಷ್ಟು ಹೊತ್ತು ತೆಗೆದುಕೊಂಡ. ಬರೆದಾದ ಮೇಲೂ ಪೆನ್ನಿನ ಮೊನೆ ಕಾಗದದ ಮೇಲೇ ಇತ್ತು.

ಫೋಟೋಗೆಂದು ಪಾಲಾಕ್ಷ ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿದ. "ಒಸಿ ಅತ್ರಕ್ ಬನ್ನಿ ಸಾ. ಇನ್ನೂ ಒಸಿ. ಮನೆ ನಂಬ್ರ ನಿಮ್ ತಲೆ ಇಂದೆ ಮುಚ್ಕಂಡದೆ. ಏನ್ ಸಾ, ಪಕ್ಕದ ಮನೆಯೋರ ಜೊತೆ ನಿಂತಂಗ್ ನಿಂತಿದೀರಿ!" ಶಶಿಕಿರಣ ಸರಿದ. ಅವನ ಅಂಗಿಯ ತೋಳು ಅವಳ ತೋಳಿಗೆ ತಾಗಿತು. ಇಸ್ತ್ರಿಯ ಗಡಸು, ಅದರೊಳಗೆ ಎಷ್ಟು ತೊಳೆದರೂ ಹೋಗದ ಹಾಲಿನ ಹುಳಿವಾಸನೆ. ಮೊದಲ ವರ್ಷ ಈ ವಾಸನೆಗೆ ಅವಳು ಮುಖ ತಿರುಗಿಸುತ್ತಿದ್ದಳು. ಅದು ಅವನಿಗೆ ಗೊತ್ತಾಗಿ, ರಾತ್ರಿ ಎರಡು ಸಲ ಸ್ನಾನ ಮಾಡಲು ಶುರುಮಾಡಿದ್ದ. ಯಾಕೆಂದು ಅವನೂ ಹೇಳಲಿಲ್ಲ, ಬೇಡವೆಂದು ಅವಳೂ ಹೇಳಲಿಲ್ಲ. ಪಾಲಾಕ್ಷನ ಮೊಬೈಲು ಬಿಸಿಲಿಗೆ ಕಾಣದೆ, ಅವನು ಕೈ ಮರೆಮಾಡಿಕೊಂಡು, ಇನ್ನೊಂದು, ಇನ್ನೊಂದು ಅನ್ನುತ್ತಿದ್ದಾಗ, ಈ ಮನುಷ್ಯನಿಗೆ ಫೋಟೋ ತೆಗೆಯುವುದು ಬರದಿರಲಿ ಎಂದು ಅವಳು ಬೇಡಿಕೊಂಡಳು.

ಮೊಪೆಡ್ಡು ಹೋಯಿತು. ಹನ್ನೆರಡು ದಾಟಿತ್ತು. "ಕಾರ್ಡು ಇಲ್ಲಿಗೇ ಬರುತ್ತಾ?" ಎಂದು ಶಶಿಕಿರಣ ಕೇಳಿದ. ಹೂಂ ಅಂದಳು. "ಬಂದ್ರೆ ಇಟ್ಟಿರ್ತೀನಿ" ಅಂದ. ಕಳಿಸ್ತೀನಿ ಅನ್ನಲಿಲ್ಲ. ಬಂದು ತಗೊಂಡು ಹೋಗು ಅಂತಲೂ ಅನ್ನಲಿಲ್ಲ. ಅವನು ನಿಂತೇ ಇದ್ದ. ಕುರ್ಚಿಯ ಮೇಲೆ ಅವಳ ಬ್ಯಾಗಿತ್ತು. ಅವನು ಕೂರಲೆಂದು ಅವಳು ಬ್ಯಾಗು ಎತ್ತಿಕೊಂಡಳು. ಹೊರಟಳೆಂದು ಅವನು ತಿಳಿದ, ಅದು ಅವನ ಮುಖದಲ್ಲಿ ಕಂಡಿತು, ಕಂಡ ಮೇಲೆ ಬ್ಯಾಗನ್ನು ಮತ್ತೆ ಕೆಳಗಿಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಹನ್ನೆರಡೂ ನಲವತ್ತರ ಬಸ್ಸು ಶನಿವಾರ ಬರಲ್ಲ" ಎಂದ. "ಇನ್ನು ಒಂದೂವರೆಗೇ."

"ಪರವಾಗಿಲ್ಲ, ಸ್ಟಾಪಲ್ಲಿ ಕೂತಿರ್ತೀನಿ."

"ಬಿಸಿಲು."

"ಛತ್ರಿ ಇದೆ."

"ನಿನ್ನಿಷ್ಟ" ಅಂದ.

ಮೂಲೆಯಿಂದ ಚಪ್ಪಲಿ ಮೆಟ್ಟಿಕೊಂಡು ಹೊರಬಂದಳು. ಗೇಟಿನವರೆಗೆ ಬೆನ್ನಿನ ಮೇಲೆ ಅವನ ಕಣ್ಣಿತ್ತೋ ಇಲ್ಲವೋ, ತಿರುಗಿ ನೋಡಲಿಲ್ಲ. ಊಟದ ಹೊತ್ತಿನಲ್ಲಿ ಬಂದವರಿಗೂ ಊಟಕ್ಕೆ ಏಳಿ ಎಂದು ಒಂದು ಮಾತು ಅನ್ನುತ್ತಾರೆ. ತನಗೆ ಬಸ್ಸಿನ ವೇಳೆ ಹೇಳಿದ. ಬೀದಿಯಲ್ಲಿ ಇಬ್ಬರು ಹೆಂಗಸರು ಇವಳನ್ನು ನೋಡಿ ಮಾತು ನಿಲ್ಲಿಸಿದರು. ಅವರಲ್ಲೊಬ್ಬಳು, "ಡ್ಯೂಟಿಗಾ?" ಅಂದಳು, ದಿನಾ ಕೇಳುವವಳಂತೆ. ಹೂಂ ಅಂದು ಮುಂದೆ ಬಂದಳು. ಹಾಗಾದರೆ ಅವನು ಪಾಲಾಕ್ಷನೊಬ್ಬನಿಗೇ ಹಾಗೆ ಹೇಳಿದ್ದಲ್ಲ. ಐದು ವರ್ಷದಿಂದ ಈ ಬೀದಿಗೆ ಏನೇನು ಹೇಳಿಕೊಂಡು ಬಂದಿದ್ದಾನೋ, ಅದರಲ್ಲಿ ಅವಳು ಯಾವ ಬಸ್ಸಿಗೆ ಹೋಗುತ್ತಾಳೋ, ಯಾವುದಕ್ಕೆ ಬರುತ್ತಾಳೋ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಪಕ್ಕ ಪಾಪಯ್ಯನ ಪೆಟ್ಟಿಗೆ ಅಂಗಡಿ. ಅವನು ವೀಳ್ಯದೆಲೆಗೆ ನೀರು ಚಿಮುಕಿಸುತ್ತಾ, "ಕೂತ್ಕಳಿ ತಾಯಿ, ಇನ್ನೇನ್ ಬಂದ್ಬುಡ್ತದೆ" ಎಂದ.

"ಒಂದೂವರೆಗಲ್ವಾ?"

"ಅದು ಇನ್ನೊಂದು. ಈಗ ಹನ್ನೆರ್ಡೂ ನಲ್ವತ್ತರದು ಅದೆಯಲ್ಲ."

"ಶನಿವಾರ ಬರಲ್ಲ ಅಂತ..."

"ಯಾರಂದೋರು?" ಪಾಪಯ್ಯನಿಗೆ ತನ್ನನ್ನೇ ಅಂದಂತಾಯಿತು. "ಶನ್ವಾರ, ಭಾನ್ವಾರ, ಅಬ್ಬ ಅರಿದಿನ, ಒಂದಿನ ತಪ್ಪಿಲ್ಲ. ಬೇಕಾದ್ರೆ ನಿಮ್ಮನೆಯೋರ್ನೇ ಕೇಳಿ. ಶನ್ವಾರ ಶನ್ವಾರ ಪಶು ಆಸ್ಪತ್ರೆಗೆ ಟೆಸ್ಟಿಗೆ ಅಂತ ಆಲಿನ ಬಾಟ್ಲಿ ಕಳ್ಸೋದು ಇದೇ ಬಸ್ಸಲ್ಲಿ. ತಾನೇ ಬಂದು ಡ್ರೈವರ್ ಕೈಗೇ ಕೊಡ್ತಾರೆ. ಇವತ್ತ್ಯಾಕೋ ಇನ್ನೂ ಬಂದಿಲ್ಲಪ್ಪ."

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಬಸ್ಸು ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಲ್ ಪಾಪಯ್ಯ, ಶಶಣ್ಣನ ಬಾಟ್ಲಿ?" ಎಂದ. ಗೊತ್ತಿಲ್ಲ ಕಣ್ಲಾ ಅಂದ ಪಾಪಯ್ಯ. ಇಬ್ಬರೂ ಬೀದಿಯ ಕಡೆ ನೋಡಿದರು. ತೇಜಶ್ರೀಯೂ ನೋಡಿದಳು. ಬೀದಿ ಖಾಲಿಯಿತ್ತು. ಅವನು ಬರುವುದಿಲ್ಲ. ಅಲ್ಲಿ, ಆ ಮನೆಯೊಳಗೆ, ಬಾಟಲಿಗಳ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಬಸ್ಸಿನ ಹಾರನ್ನು ಕೇಳಿಸಿಕೊಳ್ಳುತ್ತಾ, ಬರುವುದಿಲ್ಲವೆಂದ ಬಸ್ಸಿನ ಮುಂದೆ ಬಂದು ನಿಲ್ಲಲಾರದೆ ಕೂತಿದ್ದಾನೆ. ಊಟಕ್ಕೆ ಏಳು ಅನ್ನಲು ಬಾರದ ಮನುಷ್ಯ ಐವತ್ತು ನಿಮಿಷ ಕೇಳಿದ್ದ. ಅವಳು ಛತ್ರಿ ತೋರಿಸಿದಳು.

"ಅತ್ತಿ ಅಕ್ಕ" ಅಂದ ಕಂಡಕ್ಟರ್.

"ಇಲ್ಲಪ್ಪ. ಮುಂದಿನದಕ್ಕೆ."

"ಖಾಲಿ ಅದೆ ಕಣಕ್ಕ, ಕೂತ್ಕಂಡ್ ಓಗ್ಬೋದು!"

ಅವಳು ತಲೆಯಾಡಿಸಿದಳು. ಬಸ್ಸು ಹೊರಟಿತು. ಅದರ ಸದ್ದು ತಿರುವಿನಲ್ಲಿ ಪೂರ್ತಿ ಇಳಿಯುವವರೆಗೂ ಅವಳು ಕೂತಿದ್ದಳು. ಎದ್ದಾಗ ಪಾಪಯ್ಯ ಎತ್ಲಾಗೆ ತಾಯಿ ಅಂದ. ಬಿಸಿಲು ಪಾಪಯ್ಯ ಅಂದಳು. ಮನೆಯ ಮುಂದೆ ನಿಂತಾಗ ಏನನ್ನಬೇಕು? ನೀವು ಹೇಳಿದ ಹಾಗೇ ಆಯ್ತು, ಬಸ್ಸು ಬರಲಿಲ್ಲ ಎನ್ನಬೇಕು. ಅದರಲ್ಲಿ ಒಂದಕ್ಷರವನ್ನೂ ಬದಲಾಯಿಸುವ ಹಾಗಿಲ್ಲವೆನ್ನಿಸಿತು. ಸಂಜೆ ಪಾಪಯ್ಯನ ಬಾಯಿಂದ ಅವನಿಗೆ ತಿಳಿದರೆ ತಿಳಿಯಲಿ. ತನ್ನ ಬಾಯಿಂದ ಬೇಡ. ಅಮ್ಮನಿಗೂ ಬೇಡ, ಆಫೀಸಿನಲ್ಲಿ ಯಾರಿಗೂ ಬೇಡ, ಮುಂದೆ ಎಷ್ಟು ವರ್ಷ ಕಳೆದರೂ ಅವನಿಗಂತೂ ಬೇಡವೇ ಬೇಡ. ಹನ್ನೆರಡೂ ನಲವತ್ತರ ಬಸ್ಸು ಬಂದು, ನಿಂತು, ಖಾಲಿ ಸೀಟುಗಳೊಂದಿಗೆ ಹೊರಟುಹೋಯಿತೆಂಬುದನ್ನು ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿ, ತೇಜಶ್ರೀ ಬೀದಿಯೊಳಕ್ಕೆ ತಿರುಗಿದಳು.